ನೆಟ್‌ವರ್ಕ್ ಗುಡ್ಡದ ಮೇಲೆ ಕೊಳಲು

ನಾನು ಎಲ್ಲಕ್ಕಿಂತ ಚೆನ್ನಾಗಿ ಕೊಳಲು ನುಡಿಸುತ್ತಿದ್ದದ್ದು ಬೆಂಗಳೂರಿನ ಬಾಡಿಗೆ ಮನೆಯ ಬಚ್ಚಲಲ್ಲಿ. ನಾಲ್ಕೂ ಗೋಡೆಗೆ ಸೂರಿನವರೆಗೆ ಟೈಲ್ಸು. ಬಾಗಿಲು ಹಾಕಿಕೊಂಡು ಒಂದು ಪಂಚಮ ಹಿಡಿದರೆ ಸಾಕು, ಅದು ಗೋಡೆಯಿಂದ ಗೋಡೆಗೆ ಹಾರಿ, ಮೈತುಂಬಿಕೊಂಡು, ನನ್ನ ಕಿವಿಗೆ ವಾಪಸು ಬರುವಷ್ಟರಲ್ಲಿ ಯಾರೋ ದೊಡ್ಡ ವಿದ್ವಾಂಸರು ಹಿಡಿದ ಪಂಚಮ ಆಗಿರುತ್ತಿತ್ತು. ಉಸಿರು ಎಲ್ಲಿ ಅಲುಗಿತು, ಬೆರಳು ಯಾವ ತೂತನ್ನು ಅರ್ಧ ಬಿಟ್ಟಿತು, ಒಂದೂ ಗೊತ್ತಾಗುತ್ತಿರಲಿಲ್ಲ. ಹೀಗೆ ಆರು ವರ್ಷ. ಮೇಷ್ಟ್ರ ಮನೆಯ ಪಾಠ ವಾರಕ್ಕೊಂದು ದಿನ, ಬಚ್ಚಲ ಕಛೇರಿ ದಿನಾ.

2020ರ ಮಾರ್ಚಿನಲ್ಲಿ, ಲಾಕ್‌ಡೌನ್ ಆಗುವುದಕ್ಕೆ ಎರಡು ದಿನ ಮುಂಚೆ, ಲ್ಯಾಪ್‌ಟಾಪು, ಎರಡು ಕೊಳಲು, ನಾಲ್ಕು ಜೊತೆ ಬಟ್ಟೆ ಕಟ್ಟಿಕೊಂಡು ತೀರ್ಥಹಳ್ಳಿ ಸೀಮೆಯ ನಮ್ಮೂರಿಗೆ ಬಂದೆ. ಹದಿನೈದು ದಿನಕ್ಕೆಂದು ಬಂದವನು ಎರಡು ವರ್ಷ ಸಮೀಪಿಸುವವರೆಗೆ ಅಲ್ಲೇ ಇದ್ದೆ. ಆ ವರ್ಷ ನಮ್ಮ ಕಡೆ ಮನೆಯಿಂದ ಕೆಲಸ ಅಂದರೆ ಗುಡ್ಡದಿಂದ ಕೆಲಸ ಅಂತ ಅರ್ಥ. ಮನೆ ಕಣಿವೆಯಲ್ಲಿ, ಸಿಗ್ನಲ್ಲು ಮೇಲೆ. ಮನೆ ಹಿಂದಿನ ಗುಡ್ಡದ ನೆತ್ತಿಯಲ್ಲಿ ಒಂದು ಹಾಸುಬಂಡೆ ಇದೆ. ಅದರ ಮೇಲೆ ನಿಂತರೆ ಮೂರು ಕಡ್ಡಿ, ಕೂತರೆ ಎರಡು. ಆನ್‌ಲೈನ್ ಕ್ಲಾಸಿನ ಮಕ್ಕಳು, ಬ್ಯಾಂಕಿನ ಓಟಿಪಿ ಹಿಡಿಯಲು ಬಂದವರು, ಮಂಗಳೂರಿನ ಮಗಳಿಗೆ ವಿಡಿಯೊ ಕಾಲ್ ಮಾಡಲು ಬಂದವರು, ಎಲ್ಲರೂ ಅಲ್ಲಿಗೇ ಬರುತ್ತಿದ್ದರು. ಯಾರೋ ಅಡಿಕೆ ದಬ್ಬೆ, ಟಾರ್ಪಾಲು ತಂದು ಸೂರೂ ಮಾಡಿದ್ದರು. ಆ ಬಂಡೆಗೆ ಹಳೆಯ ಹೆಸರೊಂದು ಇತ್ತು. ಈಗ ಎಲ್ಲರಿಗೂ ಅದು ನೆಟ್‌ವರ್ಕ್ ಗುಡ್ಡ.

ನನ್ನ ಮೊದಲ ಮೀಟಿಂಗು ಬೆಳಿಗ್ಗೆ ಒಂಬತ್ತೂವರೆಗೆ. ಮನೆಯಲ್ಲಿ ಕೊಳಲು ತೆಗೆದರೆ ಅಪ್ಪನ ರೇಡಿಯೊ, ಅಮ್ಮನ ಮಿಕ್ಸಿ, ಅಜ್ಜಿಯ ಗೊಣಗಾಟ. ಹಾಗಾಗಿ ಎಂಟಕ್ಕೇ ಗುಡ್ಡ ಹತ್ತಿ, ಯಾರೂ ಇಲ್ಲದ ಆ ಹೊತ್ತಿನಲ್ಲಿ ಅಭ್ಯಾಸ ಮಾಡುವುದು ಅಂತ ನಿಶ್ಚಯಿಸಿದೆ. ಮನಸ್ಸಿನಲ್ಲಿ ಇದ್ದದ್ದು ಕ್ಯಾಲೆಂಡರಿನ ಕೃಷ್ಣನೇ, ಸುಳ್ಳು ಯಾಕೆ ಹೇಳಲಿ. ಮರ, ಬಂಡೆ, ತಂಗಾಳಿ, ಕೊಳಲು.

ಮೊದಲ ದಿನ ಮಲಯಮಾರುತ ತೆಗೆದುಕೊಂಡೆ. ಬೆಳಗಿನ ರಾಗ, ಹೆಸರಲ್ಲೇ ಮಲೆಯ ಗಾಳಿ ಇದೆ, ಜಾಗಕ್ಕೆ ಇದಕ್ಕಿಂತ ಒಪ್ಪುವುದು ಇನ್ನೇನು? ಷಡ್ಜ ಊದಿದೆ. ಬರೀ ಉಸ್ ಎಂದು ಗಾಳಿ ಬಂತು. ತುಟಿ ಸರಿಮಾಡಿಕೊಂಡು ಮತ್ತೆ ಊದಿದೆ. ಅರ್ಧ ಷಡ್ಜ ಬಂತು, ಅಷ್ಟರಲ್ಲಿ ಕಾಣದ ಕೈಯೊಂದು ಅದನ್ನು ಒರೆಸಿ ಹಾಕಿತು. ನಿಜವಾದ ಮಲಯಮಾರುತಕ್ಕೆ ನನ್ನ ಮಲಯಮಾರುತ ಇಷ್ಟವಾದಂತೆ ಕಾಣಲಿಲ್ಲ.

ಕೊಳಲಿಗೆ ನಾದಸ್ವರದ ಹಾಗೆ ಸೀವಾಳಿ, ಅಂದರೆ ಬಾಯಲ್ಲಿಟ್ಟು ಊದುವ ಪೀಪಿ, ಇಲ್ಲ. ತುಟಿಯ ಸಂದಿಯಿಂದ ಹೊರಟ ಉಸಿರಿನ ಎಳೆ ಊದುವ ತೂತಿನ ಆಚೆಯ ಅಂಚಿಗೆ ಹೋಗಿ ಬಡಿಯಬೇಕು. ಅಲ್ಲಿ ಅದು ಒಮ್ಮೆ ಕೊಳವೆಯ ಒಳಗೆ, ಒಮ್ಮೆ ಹೊರಗೆ, ಸೆಕೆಂಡಿಗೆ ನೂರಾರು ಸಲ ಓಲಾಡುತ್ತದೆ. ಆ ಓಲಾಟಕ್ಕೆ ಒಳಗಿನ ಗಾಳಿಯ ಕಂಬ ಜೊತೆಗೂಡಿದರೆ ಸ್ವರ. ತುಟಿಯಿಂದ ಅಂಚಿಗೆ ಇರುವ ದೂರ ಒಂದು ಬೆರಳಿನ ಅಗಲವೂ ಇಲ್ಲ. ಆದರೆ ಅಷ್ಟು ದೂರ ಆ ಎಳೆಗೆ ಯಾವ ಆಸರೆಯೂ ಇಲ್ಲ. ಬೀಸುವ ಗಾಳಿ ಅದನ್ನು ಕೂದಲೆಳೆಯಷ್ಟು ಪಕ್ಕಕ್ಕೆ ತಳ್ಳಿದರೂ ಮುಗಿಯಿತು. ವೀಣೆಯವರಿಗೆ, ಮೃದಂಗದವರಿಗೆ ಈ ತಾಪತ್ರಯ ಇಲ್ಲ. ನಮ್ಮ ವಾದ್ಯವೇ ಗಾಳಿ, ನಮ್ಮ ವೈರಿಯೂ ಗಾಳಿ.

ಉಪಾಯ ಸರಳ, ಆದರೆ ನನಗೆ ಹೊಳೆಯಲು ಮೂರು ವಾರ ಬೇಕಾಯಿತು. ಗಾಳಿಗೆ ಬೆನ್ನು ಕೊಟ್ಟು ಕೂರಬೇಕು. ಆಗ ನಮ್ಮ ಮೈಯೇ ಅಡ್ಡಗೋಡೆ. ಗಾಳಿ ದಿಕ್ಕು ಬದಲಿಸಿದರೆ ನಾವೂ ತಿರುಗಬೇಕು. ಬೆಳಿಗ್ಗೆ ಪಡುವಣಕ್ಕೆ ಮುಖಮಾಡಿ ಶುರುಮಾಡಿದ ವರ್ಣ ಮುಗಿಯುವ ಹೊತ್ತಿಗೆ ಎಷ್ಟೋ ದಿನ ತೆಂಕಲಿಗೆ ಮುಖ ಮಾಡಿರುತ್ತಿದ್ದೆ. ಕೆಳಗಿನಿಂದ ನೋಡಿದವರಿಗೆ ಪ್ರದಕ್ಷಿಣೆ ಹಾಕುತ್ತಿದ್ದಾನೆ ಅನಿಸಿರಬಹುದು.

ಗಾಳಿ ನಮ್ಮ ಅಪ್ಪಣೆ ಕೇಳದೆ ತಾನೇ ಬಿದಿರನ್ನು ಊದುವುದೂ ಉಂಟು. ಹುಳ ಕೊರೆದ ತೂತಿರುವ ಒಣಬಿದಿರು ಗಾಳಿಗೆ ಸಿಳ್ಳು ಹಾಕುತ್ತದಲ್ಲ, ಅಂಥದ್ದಕ್ಕೆ ಅಮರಕೋಶ ಕೀಚಕ ಎಂಬ ಹೆಸರನ್ನೇ ಕೊಟ್ಟಿದೆ. ವಿರಾಟನ ಭಾವಮೈದುನನನ್ನು ಬಿಟ್ಟರೆ ನನಗೆ ಬೇರೆ ಕೀಚಕ ಗೊತ್ತಿರಲಿಲ್ಲ. ನಮ್ಮ ಬಂಡೆಯ ಕೆಳಗಿನ ಮೆಳೆಯಲ್ಲೂ ಅಂಥ ಒಂದು ಗಳ ಇತ್ತು. ಗಾಳಿ ಜೋರಾದಾಗ ನಾನು ಸುಮ್ಮನಾಗಬೇಕು, ಆಗ ಅದು ಶುರುಮಾಡುತ್ತಿತ್ತು. ಒಂದೇ ಸ್ವರ, ಅದೂ ಯಾವ ಶ್ರುತಿಗೂ ಸೇರದ್ದು. ಆದರೆ ಅದಕ್ಕೆ ಅಳುಕು ಅನ್ನುವುದೇ ಇರಲಿಲ್ಲ.

ಶ್ರುತಿಯ ಕಥೆ ಇನ್ನೊಂದು. ಮೊಬೈಲಿನ ತಂಬೂರಿ ಬಚ್ಚಲಲ್ಲಿ ದೇವಸ್ಥಾನದ ಹಾಗೆ ಮೊಳಗುತ್ತಿತ್ತು. ಗುಡ್ಡದ ಮೇಲೆ ಅದು ಡಬ್ಬಿಯೊಳಗೆ ಸಿಕ್ಕಿಬಿದ್ದ ದುಂಬಿ. ಕಿವಿಯ ಪಕ್ಕ ಇಟ್ಟುಕೊಂಡರೆ ಕೇಳುತ್ತದೆ, ಆದರೆ ಕೇಳಿದಷ್ಟೂ ಜಗಳ. ಡಿಸೆಂಬರಿನ ಬೆಳಿಗ್ಗೆ ಇಬ್ಬನಿ ಸುರಿಯುವಾಗ ನನ್ನ ಷಡ್ಜ ತಂಬೂರಿಗಿಂತ ಕೆಳಗೆ. ಬಿಸಿಲೇರಿದ ಮೇಲೆ ಅದೇ ಕೊಳಲು, ಅದೇ ತುಟಿ, ಷಡ್ಜ ಮೇಲೆ. ಆರು ವರ್ಷದಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ. ಬಚ್ಚಲಲ್ಲಿ ಚಳಿಗಾಲ ಎಲ್ಲಿಂದ ಬರಬೇಕು?

ಕಾರಣ ಶಾಲೆಯ ಭೌತಶಾಸ್ತ್ರದಲ್ಲೇ ಇದೆ. ಶಬ್ದ ಸೊನ್ನೆ ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 331 ಮೀಟರ್ ಹೋಗುತ್ತದೆ, ಒಂದೊಂದು ಡಿಗ್ರಿ ಕಾವು ಏರಿದಂತೆ ಅದರ ವೇಗ ಸುಮಾರು 0.6 ಮೀಟರ್ ಏರುತ್ತದೆ. ಬಿದಿರಿನ ಉದ್ದ ಬದಲಾಗುವುದಿಲ್ಲ, ಒಳಗಿನ ಶಬ್ದದ ವೇಗ ಬದಲಾಗುತ್ತದೆ, ಆದ್ದರಿಂದ ಸ್ವರ ಬದಲಾಗುತ್ತದೆ. 10 ಡಿಗ್ರಿ ವ್ಯತ್ಯಾಸವಾದರೆ ಒಂದು ಸ್ವರಸ್ಥಾನದಿಂದ ಪಕ್ಕದ ಸ್ವರಸ್ಥಾನಕ್ಕೆ ಇರುವ ದಾರಿಯಲ್ಲಿ ಹತ್ತಿರಹತ್ತಿರ ಮೂರನೇ ಒಂದು ಪಾಲು ಸರಿದುಹೋಗುತ್ತದೆ. ನಮ್ಮ ಉಸಿರಿನ ಬಿಸಿ ಕೊಳವೆಯನ್ನು ಒಳಗಿನಿಂದ ಕಾಯಿಸುವುದರಿಂದ ಪೂರಾ ಅಷ್ಟಾಗುವುದಿಲ್ಲ, ಆದರೂ ಕಿವಿಗೆ ಚುಚ್ಚುವಷ್ಟು ಆಗುತ್ತದೆ. ಚಳಿಯಲ್ಲಿ ಕೊಳಲನ್ನು ತುಸು ಹೊರಕ್ಕೆ ಉರುಳಿಸಿ, ಊದುವ ತೂತನ್ನು ಹೆಚ್ಚು ತೆರೆದು ಊದಬೇಕು. ಬಿಸಿಲಿನಲ್ಲಿ ಒಳಕ್ಕೆ. ಇದನ್ನು ಮೇಷ್ಟ್ರು ಹೇಳಿಕೊಡಲಿಲ್ಲ ಅಂತಲ್ಲ. "ತುಟಿಯಲ್ಲಿ ಶ್ರುತಿ ಇಟ್ಕೋಬೇಕು ಕಣೋ, ಪೆಟ್ಟಿಗೆಯಲ್ಲಲ್ಲ" ಎಂದು ಎಷ್ಟು ಸಲ ಹೇಳಿದ್ದರೋ. ಅದು ಹಿರಿಯರು ಹೇಳುವ ಒಂದು ಮಾತು ಅಂದುಕೊಂಡು ತಲೆಯಾಡಿಸಿದ್ದೆ.

ಗೋಡೆ ನನಗೆ ಎಷ್ಟು ಮುಖಸ್ತುತಿ ಮಾಡುತ್ತಿತ್ತು ಅನ್ನುವುದು ಅಲ್ಲಿ ಕೂತ ಮೇಲೆ ತಿಳಿಯಿತು. ನಾನು ಹಾಕಿದ್ದಕ್ಕೆ ಇಪ್ಪತ್ತು ಪಾಲು ಸೇರಿಸಿ ವಾಪಸು ಕೊಡುವ ಶ್ರೋತೃ ಅದು. ಬಯಲು ಏನನ್ನೂ ವಾಪಸು ಕೊಡುವುದಿಲ್ಲ. ಊದಿದ್ದು ಹೋಯಿತು, ಅಷ್ಟೆ. ದೂರ ಎರಡರಷ್ಟಾದಾಗ ಶಬ್ದ 6 ಡೆಸಿಬೆಲ್ ಇಳಿಯುತ್ತದೆ, ತಡೆದು ನಿಲ್ಲಿಸಲು ಗೋಡೆ ಇಲ್ಲ, ಸೂರಿಲ್ಲ. ಮೊದಮೊದಲು ಇದು ತಡೆಯಲಾಗದೆ ಜೋರಾಗಿ ಊದಿದೆ. ಜೋರಾಗಿ ಊದಿದರೆ ಸ್ವರ ಮೇಲಕ್ಕೇರುತ್ತದೆ, ಇನ್ನೂ ಜೋರಾದರೆ ಮೇಲಿನ ಸ್ಥಾಯಿಗೇ ಹಾರುತ್ತದೆ, ಹತ್ತು ನಿಮಿಷಕ್ಕೆ ತಲೆ ತಿರುಗುತ್ತದೆ. ಒಂದು ದಿನ ಬಂಡೆಯ ಮೇಲೆ ಅಂಗಾತ ಮಲಗಿ, ಆಕಾಶ ಸುತ್ತುವುದು ನಿಲ್ಲಲಿ ಅಂತ ಕಾಯುತ್ತಿದ್ದಾಗ ಓಟಿಪಿಗೆ ಬಂದ ಪಕ್ಕದ ಮನೆಯವರು, "ಎಂತಾಯ್ತು ಮಾರಾಯ, ಸಿಗ್ನಲ್ ಸಿಗ್ಲಿಲ್ವಾ?" ಎಂದು ಕೇಳಿದರು.

ನನ್ನ ಎರಡು ಕೊಳಲುಗಳಲ್ಲಿ ಒಂದು ಐದು ಮನೆ ಶ್ರುತಿಯ ಚಿಕ್ಕ ಕರ್ನಾಟಕಿ ಕೊಳಲು, ಎಂಟು ತೂತಿನದು. ಇನ್ನೊಂದು ಮಂದ್ರದ ಆಸೆಗೆ ಬಿದ್ದು ಕೊಂಡ ಉದ್ದದ ಬಾನ್ಸುರಿ. ಬಚ್ಚಲಲ್ಲಿ ಈ ದೊಡ್ಡದರದ್ದೇ ದರ್ಬಾರು. ಗುಡ್ಡದ ಮೇಲೆ ಅದರ ಮಂದ್ರ ಎಲ್ಲಿ ಹೋಯಿತೋ ನನಗೇ ಕೇಳಲಿಲ್ಲ. ನಮ್ಮ ಕಿವಿಗೆ ತಗ್ಗಿನ ಸ್ವರಗಳು ಮೊದಲೇ ಮಂದ. ಅವಕ್ಕೆ ಕೋಣೆಯೋ ಮೈಕೋ ಬೇಕು. ಚಿಕ್ಕ ಕೊಳಲನ್ನು ತೆಗೆದು ತಾರದಲ್ಲಿ ಒಂದು ಎಳೆ ಎಳೆದರೆ ಅದು ತೋಟದಾಚೆಗೂ ಹೋಯಿತು. ದನ ಕಾಯುವವರ ಕೊಳಲು ಯಾಕೆ ಗಿಡ್ಡ, ಯಾಕೆ ಕೀರಲು ಎಂದು ನನಗೆ ಹೊಳೆದದ್ದು ಆವತ್ತು. ಅದಕ್ಕೆ ಇನಿದನಿಗಿಂತ ದೂರ ಹೋಗುವ ದನಿ ಬೇಕು.

ಹಾಗೆ ನೋಡಿದರೆ ಕೊಳಲು ಒಳಗೆ ಬಂದು ಕೂತದ್ದೇ ತೀರ ಈಚೆಗೆ. ದಕ್ಷಿಣದಲ್ಲಿ ಅದನ್ನು ಕಛೇರಿಯ ಮುಖ್ಯವಾದ್ಯವಾಗಿ ನಿಲ್ಲಿಸಿದವರು ಕುಂಭಕೋಣದ ಶರಭ ಶಾಸ್ತ್ರಿಗಳು. ಕಣ್ಣು ಕಾಣುತ್ತಿರಲಿಲ್ಲ. 1872ರಲ್ಲಿ ಹುಟ್ಟಿ 1904ರಲ್ಲಿ ತೀರಿಹೋದರು, ಅಷ್ಟು ಚಿಕ್ಕ ಆಯುಸ್ಸಿನಲ್ಲಿ ಅಷ್ಟು ದೊಡ್ಡ ಕೆಲಸ. ಆಮೇಲೆ ಬಂದ ಟಿ. ಆರ್. ಮಹಾಲಿಂಗಂ, ನಮ್ಮೆಲ್ಲರ ಬಾಯಲ್ಲಿ ಮಾಲಿ, ಹಾಡುವ ಗಂಟಲಿನ ಗಮಕವನ್ನೇ ಬಿದಿರಿಗೆ ಇಳಿಸಿದರು. ಉತ್ತರದಲ್ಲಿ ಪನ್ನಾಲಾಲ್ ಘೋಷ್ ಬಗೆಬಗೆಯ ಸಾಮಗ್ರಿಯಲ್ಲಿ ಕೊಳವೆ ಮಾಡಿ ನೋಡಿ, ಕೊನೆಗೆ ಬಿದಿರಿಗೇ ಬಂದು, ಸುಮಾರು 32 ಇಂಚಿನ ಉದ್ದದ ಬಾನ್ಸುರಿಯನ್ನು ರೂಢಿಗೆ ತಂದರು. ಹಿಂದೂಸ್ತಾನಿ ಗಾಯನದ ಖಯಾಲ್ ನುಡಿಸುವಷ್ಟು ಗಾಂಭೀರ್ಯ ಅದಕ್ಕೆ ಬಂದದ್ದು ಆ ಉದ್ದದಿಂದ. ನಾನು ಗುಡ್ಡಕ್ಕೆ ಹೊತ್ತುಕೊಂಡು ಹೋಗಿ ಬೈದುಕೊಂಡದ್ದು ಈ ದೊಡ್ಡ ಮನುಷ್ಯರ ಸಾಧನೆಯನ್ನೇ. ತಪ್ಪು ಕೊಳಲಿನದಲ್ಲ. ಸಭೆಗೆಂದು ಬೆಳೆಸಿದ್ದನ್ನು ನಾನು ದನ ಮೇಯುವಲ್ಲಿ ಬಿಟ್ಟಿದ್ದೆ.

ಸೋಮನಾಥಪುರದ ಕೇಶವ ದೇವಾಲಯದ ಮೂರು ಗರ್ಭಗುಡಿಗಳಲ್ಲಿ ಒಂದರಲ್ಲಿ ವೇಣುಗೋಪಾಲ ನಿಂತಿದ್ದಾನೆ. ಹೊಯ್ಸಳ ಶಿಲ್ಪಿ ಅವನ ತಲೆಯ ಮೇಲೆ ಮರವನ್ನು ಕೆತ್ತಿದ್ದಾನೆ, ಕಾಲ ಬಳಿ ಹಸುಗಳನ್ನು ನಿಲ್ಲಿಸಿದ್ದಾನೆ. ಕತ್ತಲ ಕೋಣೆಯೊಳಗೆ ಇಡೀ ಬಯಲನ್ನೇ ತಂದಿಟ್ಟಿದ್ದಾನೆ. ಆದರೆ ಆ ಮರದಲ್ಲಿ ಚಗಳಿ ಇರುವೆ ಇಲ್ಲ. ಮಲೆನಾಡಿನ ಮಾವಿನ ಮರದ ಕೆಳಗೆ ಕೂತು ನೋಡಿ ಗೊತ್ತಾಗುತ್ತದೆ. ಕೆಂಪಗಿನ ಚಗಳಿ ಸಾಲುಗಟ್ಟಿ ಇಳಿದು ಕತ್ತಿನ ಹಿಂದೆ ಸರಿಯಾಗಿ ಗಮಕ ಹಾಕುವ ಹೊತ್ತಿಗೇ ಕಚ್ಚುತ್ತವೆ. ಎರಡೂ ಕೈ ಕೊಳಲಿನ ಮೇಲೆ, ಬಾಯಿ ಊದುವುದರಲ್ಲಿ, ತಟ್ಟಿಕೊಳ್ಳುವುದು ಯಾವುದರಲ್ಲಿ? ಪುಣ್ಯಕೋಟಿಯ ಕಥೆಯ ಗೊಲ್ಲ ಮಾವಿನ ಮರದ ಕೆಳಗೇ ಕೊಳಲೂದಿದ. ಅವನಿಗೆ ಹೇಗೆ ಸಾಧ್ಯವಾಯಿತು ಎಂದು ನಾನು ಬಹಳ ಯೋಚಿಸಿದ್ದೇನೆ.

ಮಳೆಗಾಲದಲ್ಲಿ ಚಗಳಿಯ ಜಾಗಕ್ಕೆ ಇಂಬಳ, ಅಂದರೆ ಜಿಗಣೆ. ಟಾರ್ಪಾಲಿನ ಕೆಳಗೆ ಕೂತು, ಪ್ಯಾಂಟನ್ನು ಸಾಕ್ಸಿನೊಳಗೆ ತುರುಕಿಕೊಂಡು, ಸುಣ್ಣ ಹಚ್ಚಿಕೊಂಡು ನುಡಿಸಬೇಕು. ಜೂನಿನ ಮಳೆ ಟಾರ್ಪಾಲಿನ ಮೇಲೆ ಹೊಡೆಯುವಾಗ ಕೊಳಲು ನಮಗೇ ಕೇಳುವುದಿಲ್ಲ. ಜಲಪಾತದ ಮುಂದೆ ಬಂಡೆಯ ಮೇಲೆ ಕೂತು ಮೆಲ್ಲಗೆ ಕೊಳಲೂದುವ ವಿಡಿಯೊಗಳು ಮೊಬೈಲಿನಲ್ಲಿ ದಿನಕ್ಕೆ ಹತ್ತು ಬರುತ್ತವಲ್ಲ, ಅವನ್ನು ನಂಬಬೇಡಿ. ನೀರಿನ ಭೋರಿನಲ್ಲಿ ಎಲ್ಲ ಎತ್ತರದ ಸ್ವರಗಳೂ ಒಟ್ಟಿಗೆ ತುಂಬಿರುತ್ತವೆ, ಅದರೊಳಗೆ ಕೊಳಲು ಎದ್ದು ಕೇಳುವುದು ಸುಳ್ಳು. ಸ್ವರ ಸ್ಟುಡಿಯೊದ್ದು, ಅದಕ್ಕೆ ಬಚ್ಚಲಿನ ಮೆರುಗನ್ನು ಕಂಪ್ಯೂಟರಿನಲ್ಲಿ ಬಳಿದಿರುತ್ತಾರೆ. ನಾನು ಬಚ್ಚಲಲ್ಲಿ ಪುಕ್ಕಟೆ ಪಡೆದದ್ದನ್ನು ಅವರು ದುಡ್ಡು ಕೊಟ್ಟು ಪಡೆಯುತ್ತಾರೆ.

ಆದರೆ ಮಳೆ ನಿಂತ ಮೇಲಿನ ಆ ಹತ್ತು ನಿಮಿಷ ಇದೆಯಲ್ಲ, ಮರದಿಂದ ಹನಿ ತೊಟ್ಟಿಕ್ಕುವ ಹೊತ್ತು, ಆಗ ಹಳ್ಳದ ಕಡೆಯಿಂದ ಅವನು ಶುರುಮಾಡುತ್ತಿದ್ದ. ಮಲಬಾರ್ ವಿಸ್ಲಿಂಗ್ ಥ್ರಷ್ ಎಂಬ ಹಕ್ಕಿ. ಕಪ್ಪು ಮೈ, ಭುಜದಲ್ಲಿ ಹೊಳೆಯುವ ನೀಲಿ. ಇಂಗ್ಲಿಷಿನವರು ಇದಕ್ಕೆ ಸಿಳ್ಳೆ ಹೊಡೆಯುವ ಶಾಲೆ ಹುಡುಗ ಅಂತ ಅಡ್ಡಹೆಸರು ಇಟ್ಟಿದ್ದಾರೆ, ಸರಿಯಾಗಿಯೇ ಇದೆ. ಮೊದಲು ಕೇಳದವರು ಯಾರೋ ಮನುಷ್ಯನೇ ಅಂದುಕೊಳ್ಳಬೇಕು. ಮನೆಗೆ ಹೋಗುವ ಅವಸರವಿಲ್ಲದ ಹುಡುಗ, ಹಾಡಿನ ಸಾಲು ಅರ್ಧ ಮರೆತವನು, ಮರೆತದ್ದಕ್ಕೆ ಬೇಸರವಿಲ್ಲದವನು. ನಾನು ಅದನ್ನು ಹಿಡಿಯಲು ಹೊರಟೆ. ಎರಡು ಸ್ವರ ಸಿಗುತ್ತಿತ್ತು, ಮೂರನೆಯದು ನನ್ನ ಎರಡು ತೂತುಗಳ ನಡುವೆ ಎಲ್ಲೋ ಜಾರುತ್ತಿತ್ತು. ಅದನ್ನು ಹುಡುಕಿ ಬೆರಳನ್ನು ಅರ್ಧ ಸರಿಸುವ ಹೊತ್ತಿಗೆ ಅವನು ಬೇರೆಯದೇ ಶುರುಮಾಡಿರುತ್ತಿದ್ದ. ನಾನು ಊದಿದ್ದಕ್ಕೆ ಅವನು ಉತ್ತರ ಕೊಟ್ಟ ಎಂದು ಬರೆಯಬೇಕೆಂದು ಕೈ ತುಡಿಯುತ್ತದೆ. ಕೊಡಲಿಲ್ಲ. ಒಂದು ಸಲವೂ ಇಲ್ಲ. ನಾನು ಊದಿದರೆ ಅವನು ನಿಲ್ಲಿಸುತ್ತಿದ್ದ, ಅಷ್ಟೆ. ಕೊನೆಕೊನೆಗೆ ನಾನೇ ನಿಲ್ಲಿಸಿ ಕೂರುತ್ತಿದ್ದೆ.

ಅಜ್ಜಿಗೆ ನನ್ನ ಕೊಳಲಿನ ಮೇಲೆ ಎರಡು ತಕರಾರು. ಒಂದು, ಹೊತ್ತು ಮುಳುಗಿದ ಮೇಲೆ ಊದಿದರೆ ಹಾವು ಬರುತ್ತದೆ. ಹಾವಿಗೆ ಹೊರಗಿವಿಯೇ ಇಲ್ಲ ಅಜ್ಜಿ, ಹಾವಾಡಿಗನ ಪುಂಗಿ ಅಲ್ಲಾಡುವುದನ್ನು ನೋಡಿ ಅದು ಹೆಡೆ ಆಡಿಸುವುದು ಅಂದೆ. "ನಿಂಗೆ ಗೊತ್ತಿರೋದು ಹಾವಿಗೆ ಗೊತ್ತಿರ್ಬೇಕಲ" ಅಂದಳು. ಇನ್ನೊಂದು, ಅಷ್ಟು ಗಾಳಿ ದಂಡಮಾಡುವ ಬದಲು ಒಲೆ ಊದಬಾರದೇ ಎಂಬುದು. ನಮ್ಮ ಬಚ್ಚಲೊಲೆಯ ಪಕ್ಕ ಒಂದು ಊದುಗೊಳವೆ ಇತ್ತು, ವಾಟೆಯದು, ಹೊಗೆಗೆ ಕರಿ ಹಿಡಿದು ನಯವಾಗಿತ್ತು. ವಾಟೆ, ಬಿದಿರು ಎರಡೂ ಮರವಲ್ಲ, ಹುಲ್ಲಿನ ಜಾತಿ. ವಾಟೆ ಗೆಣ್ಣಿನಿಂದ ಗೆಣ್ಣಿಗೆ ಉದ್ದ, ಗೋಡೆ ತೆಳು. ಅದನ್ನೇ ನೋಡಿ ನನಗೆ ಕೊಳಲು ಮಾಡುವ ಹುಚ್ಚು ಹತ್ತಿತು. ಹಳ್ಳದ ಬದಿಯಿಂದ ನಾಲ್ಕು ವಾಟೆ ಕಡಿದು ತಂದು, ನೆರಳಲ್ಲಿ ಒಣಗಿಸಿ, ಕಾದ ಸಲಾಕೆಯಲ್ಲಿ ತೂತು ಸುಟ್ಟೆ. ಮೂರು ಸೀಳಿದವು. ನಾಲ್ಕನೆಯದು ನುಡಿಯಿತು, ಆದರೆ ಅದರ ಷಡ್ಜ ಎಲ್ಲಿದೆ ಅಂತ ಇವತ್ತಿಗೂ ಹುಡುಕುತ್ತಿದ್ದೇನೆ. ಅದನ್ನು ಜಗಲಿಯ ಗಳಕ್ಕೆ ತೂಗುಹಾಕಿದ್ದೆ. ಹದಿನೈದು ದಿನದಲ್ಲಿ ಕುಂಬಾರ ಹುಳ ಬಂದು ಎರಡು ತೂತಿಗೆ ಅಚ್ಚುಕಟ್ಟಾಗಿ ಮಣ್ಣು ಮೆತ್ತಿ ಮೊಟ್ಟೆ ಇಟ್ಟಿತು. ನನ್ನ ಲೆಕ್ಕದಲ್ಲಿ ಆ ಎರಡೂ ತೂತು ತಪ್ಪು ಜಾಗದಲ್ಲೇ ಇದ್ದವು.

ಅಷ್ಟರಲ್ಲಿ ಚಳಿಗಾಲ ಬಂತು, ಅಡಿಕೆ ಕೊಯ್ಲು. ಗುಡ್ಡದ ಕೆಳಗೆ ನಮ್ಮ ಪಕ್ಕದವರ ಅಂಗಳ, ಬಂಡೆಯಿಂದ ನೇರಕ್ಕೆ ಮುನ್ನೂರು ನಾನೂರು ಮೀಟರ್. ಚಪ್ಪರದಡಿ ಏಳೆಂಟು ಹೆಂಗಸರು ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುತ್ತಿದ್ದರು. ಚಳಿಯ ಬೆಳಿಗ್ಗೆ ನೆಲದ ಹತ್ತಿರದ ಗಾಳಿ ತಣ್ಣಗೆ, ಮೇಲಿನದು ಬೆಚ್ಚಗೆ. ಆಗ ಶಬ್ದ ಮೇಲಕ್ಕೆ ಹೋಗಿ ಕಳೆದುಹೋಗದೆ ಕೆಳಗೇ ಬಾಗುತ್ತದೆ. ಕಣಿವೆಯಲ್ಲಿ ಮಂಜು ಕೂತಿರುವಾಗ ಎಲ್ಲಿಯದೋ ಬಸ್ಸಿನ ಹಾರ್ನು ಅಂಗಳದಲ್ಲೇ ಹೊಡೆದಂತೆ ಕೇಳುವುದು ಇದಕ್ಕೇ. ಬಿಸಿಲೇರಿ ನೆಲ ಕಾದ ಮೇಲೆ ಆಟ ತಿರುಗುಮುರುಗು. ಅವರ ಮಾತು ನನಗೆ ತುಂಡುತುಂಡಾಗಿ ಕೇಳುತ್ತಿತ್ತು. ನಗು ಬಂದರೆ ಪೂರಾ ಕೇಳುತ್ತಿತ್ತು. ಹಾಗಾದರೆ ನನ್ನದೂ ಅವರಿಗೆ ಕೇಳುತ್ತಿರಬೇಕು.

ಇದು ಹೊಳೆದ ಮೇಲೆ ನನ್ನ ಅಭ್ಯಾಸ ಕೆಟ್ಟಿತು. ಸರಳೆ ಜಂಟಿಯ ಮೊದಲ ಪಾಠಗಳನ್ನು ಬಿಟ್ಟು, ಕೇಳಲು ಚೆನ್ನಾಗಿರುವುದನ್ನೇ ಆರಿಸತೊಡಗಿದೆ. ಕೆಳಗೆ ನಗು ನಿಂತರೆ ಕೇಳುತ್ತಿದ್ದಾರೆ ಅಂದುಕೊಂಡು ಇನ್ನೊಂದು ಸಂಗತಿ, ಅಂದರೆ ಅದೇ ಸಾಲನ್ನು ಇನ್ನೊಂದು ಬಗೆಯಲ್ಲಿ, ಹಾಕುವುದು. ಬಚ್ಚಲ ಗೋಡೆ ಹೋಯಿತು, ಅದರ ಬದಲು ಚಪ್ಪರದ ಹೆಂಗಸರು. ಒಂದೂವರೆ ತಿಂಗಳು ಹೀಗೆ ಕಳೆಯಿತು.

ಒಂದು ಸಂಜೆ ಆ ಮನೆಗೆ ಏಣಿ ತರಲು ಹೋಗಿದ್ದೆ. ಸುಲಿಯುವವರಲ್ಲಿ ಹಿರಿಯ ಅಕ್ಕ ಒಬ್ಬರು ಕತ್ತಿಯಿಂದ ಕಣ್ಣು ತೆಗೆಯದೆ ಕೇಳಿದರು.

"ಗುಡ್ಡದ ಮೇಲೆ ಊದೋದು ನೀನಾ ತಮ್ಮಾ?"

"ಹೌದಕ್ಕ. ಕೇಳ್ತದಾ?"

"ಕೇಳ್ತದೆ. ಎಲ್ಲ ಕೇಳೋದಿಲ್ಲ, ಮೇಲೆ ಹೋದಾಗ ಕುಯ್ ಅಂತದಲ, ಅಷ್ಟು ಕೇಳ್ತದೆ. ಅದು ನಿಂತ ಕೂಡ್ಲೆ ನಾವು ಕಾಫಿಗೆ ಏಳೋದು."

"ನಿಂತ ಕೂಡ್ಲೆ ಯಾಕೆ?"

"ಒಂಬತ್ತೂವರೆಗೆ ಸಮಾ ನಿಲ್ಲಿಸ್ತ್ಯಲ. ಈ ಮನೆ ಗಡಿಯಾರ ಕೆಟ್ಟು ಎಷ್ಟು ಕಾಲ ಆಯ್ತು." ಅಡಿಕೆ ಬುಟ್ಟಿಗೆ ಬಿತ್ತು. "ಭಾನುವಾರ ಮಾತ್ರ ನಿಂದು ಸರಿ ಇಲ್ಲ ಮಾರಾಯ. ನಿಲ್ಲಿಸೋದೇ ಇಲ್ಲ. ನಮ್ಗೆ ಕಾಫಿ ಹನ್ನೊಂದಕ್ಕೆ."

ಮರುದಿನದಿಂದ ಮತ್ತೆ ಸರಳೆ ಜಂಟಿ. ಭಾನುವಾರ ಒಂಬತ್ತೂವರೆಗೆ ಒಂದು ಐದು ನಿಮಿಷ ನಿಲ್ಲಿಸಿ, ಕೆಳಗೆ ಕತ್ತಿಯ ಸದ್ದು ಅಡಗುವುದನ್ನು ಕೇಳಿಸಿಕೊಂಡು, ಮುಂದುವರಿಸುತ್ತಿದ್ದೆ.

2022ರ ಆರಂಭದಲ್ಲಿ ಆಫೀಸಿನವರು ವಾಪಸು ಕರೆದರು. ಈಗಿನ ಬಾಡಿಗೆ ಮನೆಗೆ ತಾರಸಿ ಇದೆ. ನೀರಿನ ಟ್ಯಾಂಕಿಗೆ ಒರಗಿ ಕೂತರೆ ಪಡುವಣ ಗಾಳಿ ಬೆನ್ನಿಗೆ ಬರುತ್ತದೆ. ಹೋದ ಡಿಸೆಂಬರಿನಲ್ಲಿ ಅಪ್ಪನಿಗೆ ಫೋನು ಮಾಡಿದಾಗ, ಪಕ್ಕದ ಮನೆಯ ಕೊಯ್ಲು ಹೇಗಿದೆ, ಆ ಅಕ್ಕ ಬರುತ್ತಾರಾ ಅಂತ ವಿಚಾರಿಸಿದೆ. ಬರುತ್ತಾರಂತೆ. ಕಾಫಿಗೆ ಈಗ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡಿದ್ದಾರಂತೆ.

"ನಿಂದಕ್ಕಿಂತ ಅದೇ ವಾಸಿ ಅಂತಿದ್ರು" ಅಂದರು ಅಪ್ಪ. "ಭಾನುವಾರನೂ ಹೊಡಿತದಂತೆ."